ಗಾಜಾ ಪಟ್ಟಣವೂ ಗಾಜ್ ಬಟ್ಟೆಯೂ

ಶಾಲೆಯ ಬಯಲಿನಲ್ಲಿ ಆಟದ ವೇಳೆ ಹುಡುಗನೊಬ್ಬನು ಬಿದ್ದು ಮೊಣಕಾಲು ಕೆತ್ತಿಸಿಕೊಂಡನು. ಔಷಧದ ಪೆಟ್ಟಿಗೆಯಿಂದ ಗಾಜ್ ತೆಗೆದುಕೊಂಡು ಬಾ ಎಂದು ನಾವು ಮತ್ತೊಬ್ಬ ವಿದ್ಯಾರ್ಥಿಗೆ ಹೇಳಿದೆವು. ಅವನು ನಿಂತಲ್ಲಿಯೇ ನಿಂತು, "ಗುರುಗೋಳ, ಗಾಯಕ್ಕ ಗಾಜು ಹಚ್ಚಿದ್ರ ಮತ್ತಷ್ಟು ಕೊಯ್ಯಂಗಿಲ್ಲೇನ್ರಿ?" ಎಂದನು. ಮಕ್ಕಳೆಲ್ಲರೂ ನಕ್ಕರು, ನಾವೂ ನಕ್ಕೆವು. ಆದರೆ ಗಾಯಕ್ಕೆ ಬಟ್ಟೆ ಸುತ್ತಿ ಮುಗಿಸಿದ ಬಳಿಕ, ಆ ಜಾಳುಜಾಳಾದ ಬಿಳಿಯ ಅರಿವೆಗೆ ಗಾಜ್ ಎಂಬ ಹೆಸರು ಬಂದುದು ಹೇಗೆಂದು ಅದೇ ಹುಡುಗನು ಕೇಳಿದಾಗ ನಮಗೆ ಥಟ್ಟನೆ ಉತ್ತರ ಹೊಳೆಯಲಿಲ್ಲ. ಉತ್ತರವನ್ನು ಅರಸುತ್ತ ಹೋದ ನಮ್ಮನ್ನು ಆ ಒಂದು ಗೇಣು ಬಟ್ಟೆಯು ಮೂರುವರೆ ಸಾವಿರ ವರ್ಷಗಳ ಹಿಂದಕ್ಕೆ, ಭೂಮಧ್ಯ ಸಮುದ್ರದ ಪೂರ್ವತೀರಕ್ಕೆ ಕರೆದೊಯ್ದಿತು. ಅಲ್ಲಿ ಕಂಡುದನ್ನು ಸಹೋದ್ಯೋಗಿಗಳಾದ ಶಿಕ್ಷಕ ಬಂಧುಗಳ ಮುಂದೆಯೂ ವಿದ್ಯಾರ್ಥಿಗಳ ಮುಂದೆಯೂ ಇರಿಸುವುದೇ ಈ ಲೇಖನದ ಉದ್ದೇಶ.

ಬಟ್ಟೆಗೆ ಊರಿನ ಹೆಸರು

ಬಟ್ಟೆಗಳಿಗೆ ಊರುಗಳ ಹೆಸರು ಅಂಟಿಕೊಳ್ಳುವುದು ಹೊಸ ಸಂಗತಿಯೇನೂ ಅಲ್ಲ. ಇಳಕಲ್ ಸೀರೆ, ಮೊಳಕಾಲ್ಮೂರು ಸೀರೆ, ಸೊಲ್ಲಾಪುರದ ಚಾದರ ಇವು ನಮ್ಮ ಮನೆಮನೆಯಲ್ಲಿ ಬಳಕೆಯಲ್ಲಿರುವ ಮಾತುಗಳು. ಸಾಗರದಾಚೆಗೂ ಇದೇ ಪದ್ಧತಿಯುಂಟು. ಡಮಾಸ್ಕಸ್ ಪಟ್ಟಣದಿಂದ ಡಮಾಸ್ಕ್, ಇರಾಕಿನ ಮೋಸುಲ್ ಪಟ್ಟಣದಿಂದ ಮಸ್ಲಿನ್, ಫ್ರಾನ್ಸಿನ ನೀಮ್ ಪಟ್ಟಣದಿಂದ ಡೆನಿಮ್, ನಮ್ಮ ಕಲ್ಲಿಕೋಟೆಯಿಂದ ಕ್ಯಾಲಿಕೋ ಎಂಬ ಹೆಸರುಗಳು ಹುಟ್ಟಿದವು.

ಇಲ್ಲಿ ಒಂದು ವಿಷಯವನ್ನು ಗಮನಿಸತಕ್ಕದ್ದು. ಮಸ್ಲಿನ್ನಿನ ಹೆಸರು ಮೋಸುಲಿನದಾದರೂ ಲೋಕಪ್ರಸಿದ್ಧವಾದ ಮಸ್ಲಿನ್ ನೇಯ್ಗೆಯಾಗುತ್ತಿದ್ದುದು ಬಂಗಾಳದ ಢಾಕಾ ಸೀಮೆಯಲ್ಲಿ. ಕ್ಯಾಲಿಕೋ ಎಂದು ಯೂರೋಪಿಯನ್ನರು ಕರೆದ ಬಟ್ಟೆಯಲ್ಲಿ ಬಹುಭಾಗವು ಕಲ್ಲಿಕೋಟೆಯ ಮಗ್ಗಗಳಿಂದ ಬಂದುದಲ್ಲ. ಭಾರತದ ನಾನಾ ಸೀಮೆಗಳ ನೇಕಾರರು ನೇಯ್ದುದು. ಕೊಳ್ಳುವವನಿಗೆ ಕಾಣುವುದು ಹಡಗು ಹೊರಟ ರೇವು. ನೇಯ್ದವನ ಹಟ್ಟಿ ಅವನ ಕಣ್ಣಿಗೆ ಬೀಳುವುದಿಲ್ಲ. ಆದುದರಿಂದ ಕೀರ್ತಿಯು ಸಂತೆಗೂ ಬಂದರಿಗೂ ಸಲ್ಲುತ್ತದೆ. ನೇಕಾರನ ಹೆಸರಾದರೋ ಹಾಸುಹೊಕ್ಕಿನ ನಡುವೆ ಅಡಗಿಹೋಗುತ್ತದೆ. ಗಾಜಾ ಪಟ್ಟಣದ ಕಥೆಯನ್ನು ಓದುವಾಗ ಈ ಮಾತನ್ನು ನೆನಪಿನಲ್ಲಿಡುವುದು ಒಳ್ಳೆಯದು.

ಮರುಭೂಮಿಯ ಅಂಚಿನ ಪಟ್ಟಣ

ಭೂಪಟವನ್ನು ಬಿಡಿಸಿ ನೋಡಿದರೆ ಆಫ್ರಿಕಾ ಮತ್ತು ಏಷ್ಯಾ ಖಂಡಗಳು ಸೇರುವೆಡೆಯಲ್ಲಿ ಸಿನಾಯ್ ಮರುಭೂಮಿಯು ಕಾಣುವುದು. ಈಜಿಪ್ಟಿನಿಂದ ಹೊರಟು ಈ ಮರಳುಗಾಡನ್ನು ದಾಟಿದ ಪಯಣಿಗನಿಗೆ ಮೊದಲು ಎದುರಾಗುವ ದೊಡ್ಡ ಪಟ್ಟಣವೇ ಗಾಜಾ. ಬಡಗಣಿಂದ ಈಜಿಪ್ಟಿಗೆ ಹೋಗುವವನಿಗೆ ಮರಳುಗಾಡಿಗೆ ಇಳಿಯುವ ಮುನ್ನ ನೀರು ತುಂಬಿಕೊಳ್ಳಲು ಸಿಕ್ಕುವ ಕೊನೆಯ ಪಟ್ಟಣವೂ ಅದೇ. ಇಂತಹ ಎಡೆಯಲ್ಲಿರುವ ಊರಿಗೆ ವ್ಯಾಪಾರವು ತಾನಾಗಿ ಬರುತ್ತದೆ. ಸೈನ್ಯಗಳೂ ತಾವಾಗಿಯೇ ಬರುತ್ತವೆ. ಗಾಜಾದ ಇತಿಹಾಸವೆಲ್ಲ ಈ ಎರಡು ಮಾತುಗಳಲ್ಲಿ ಅಡಗಿದೆ.

ಹಳೆಯ ಪಟ್ಟಣವು ಕಡಲಿನಿಂದ ಸುಮಾರು ನಾಲ್ಕು ಕಿಲೋಮೀಟರು ಒಳಗೆ, ದಿಬ್ಬವೊಂದರ ಮೇಲಿತ್ತು. ಅದರ ರೇವಿಗೆ ಮೈಯೂಮಾ ಎಂಬ ಬೇರೆಯ ಹೆಸರಿತ್ತು. ಕ್ರಿ. ಪೂ. 15ನೆಯ ಶತಮಾನದಲ್ಲಿ ಈಜಿಪ್ಟಿನ ಫೇರೋ ಮೂರನೆಯ ಥಟ್ಮೋಸನು ಮೆಗಿಡ್ಡೋ ಯುದ್ಧಕ್ಕೆ ನಡೆದಾಗ ಗಾಜಾದಲ್ಲಿ ಬೀಡುಬಿಟ್ಟ ಸಂಗತಿಯು ಅವನ ಶಾಸನಗಳಲ್ಲಿ ದಾಖಲಾಗಿದೆ. ಆ ಮೇಲೆ ಕ್ರಿ. ಪೂ. 12ನೆಯ ಶತಮಾನದ ಸುಮಾರಿಗೆ ಕಡಲ ಕಡೆಯಿಂದ ಬಂದ ಫಿಲಿಸ್ಟೀನರು ಇಲ್ಲಿ ನೆಲೆಸಿದರು. ಅವರ ಐದು ಮುಖ್ಯ ಪಟ್ಟಣಗಳಲ್ಲಿ ಗಾಜಾ ಒಂದು, ಅಷ್ಕೆಲೋನ್ ಮತ್ತೊಂದು. ಬೈಬಲಿನ ಬಲಶಾಲಿ ಸ್ಯಾಮ್ಸನ್ನನು ಕುರುಡನಾಗಿ ಬೀಸುಕಲ್ಲು ಬೀಸಿದುದೂ ಗುಡಿಯ ಕಂಬಗಳನ್ನು ಕೆಡವಿ ಮಡಿದುದೂ ಗಾಜಾದಲ್ಲಿಯೇ ಎಂದು ಕಥೆ ಹೇಳುತ್ತದೆ. ನೆರೆಯ ಅಷ್ಕೆಲೋನ್ ಸಹ ತನ್ನ ಹೆಸರನ್ನು ಲೋಕಕ್ಕೆ ದಾನಮಾಡಿದೆ. ಸಣ್ಣ ಈರುಳ್ಳಿಗೆ ಇಂಗ್ಲಿಷಿನಲ್ಲಿರುವ ಶಾಲಟ್ ಎಂಬ ಹೆಸರು ಆ ಊರಿನಿಂದಲೇ ಬಂದುದು. ಒಂದು ಊರು ಅಡಿಗೆಮನೆಯನ್ನು ಸೇರಿತು, ಇನ್ನೊಂದು ಊರು ಆಸ್ಪತ್ರೆಯನ್ನು ಸೇರಿತು.

ಕ್ರಿ. ಪೂ. 734ರಲ್ಲಿ ಅಸ್ಸೀರಿಯದ ದೊರೆ ಮೂರನೆಯ ತಿಗ್ಲತ್ ಪಿಲೇಸರನು ಗಾಜಾವನ್ನು ಹಿಡಿದನು. ಅನಂತರ ಬಾಬಿಲೋನಿನವರು ಬಂದರು, ಪಾರಸಿಕರು ಬಂದರು.

ಧೂಪದ ದಾರಿ

ಗಾಜಾದ ಸಿರಿಗೆ ಮುಖ್ಯ ಕಾರಣವು ಧೂಪ. ಅರಬಸ್ಥಾನದ ತೆಂಕಣ ತುದಿಯಲ್ಲಿ ಬೆಳೆಯುವ ಗಿಡಗಳ ಅಂಟೇ ಸಾಂಬ್ರಾಣಿಯಂತಹ ಸುಗಂಧದ ಧೂಪವಾಗುತ್ತದೆ. ಗ್ರೀಸ್ ಮತ್ತು ರೋಮಿನ ಗುಡಿಗಳಲ್ಲಿ ಇದಕ್ಕೆ ಬಂಗಾರದಂತಹ ಬೆಲೆಯಿತ್ತು. ಒಂಟೆಗಳ ಮೇಲೆ ಹೇರಿದ ಈ ಸರಕು ಮರಳುಗಾಡನ್ನು ದಾಟಿ, ನಬಾತೀಯರ ಪೆಟ್ರಾ ನಗರದ ಮೂಲಕ ಗಾಜಾವನ್ನು ಮುಟ್ಟಿ, ಅಲ್ಲಿಂದ ಹಡಗನ್ನೇರುತ್ತಿತ್ತು. ಭಾರತದ ಸಂಬಾರ ಪದಾರ್ಥಗಳೂ ಈ ದಾರಿಯಲ್ಲಿ ಸಾಗಿದುದುಂಟು. ರೋಮಿನ ಪ್ಲಿನಿ ಎಂಬ ಪಂಡಿತನು ಕ್ರಿ. ಶ. 1ನೆಯ ಶತಮಾನದಲ್ಲಿ ಈ ಪಯಣದ ಲೆಕ್ಕವನ್ನೇ ಬರೆದಿಟ್ಟಿದ್ದಾನೆ. ತೊಮ್ನಾ ಎಂಬ ಪಟ್ಟಣದಿಂದ ಗಾಜಾದವರೆಗೆ 65 ಒಂಟೆ ತಂಗುದಾಣಗಳು. ದಾರಿಯುದ್ದಕ್ಕೂ ನೀರಿಗೆ, ಮೇವಿಗೆ, ಛತ್ರಕ್ಕೆ, ಸುಂಕಕ್ಕೆ ಹಣ ತೆರುತ್ತ ಬಂದರೆ ಕಡಲತೀರವನ್ನು ಮುಟ್ಟುವಷ್ಟರಲ್ಲಿ ಒಂದೊಂದು ಒಂಟೆಗೆ 688 ದೀನಾರಿ ನಾಣ್ಯಗಳು ವೆಚ್ಚವಾಗುತ್ತಿದ್ದವು.

ಇದಕ್ಕೆ ಸಂಬಂಧಿಸಿ ಶಿಕ್ಷಕರಾದ ನಾವು ಅರಿತಿರಬೇಕಾದ ಪ್ರಸಂಗವೊಂದನ್ನು ಪ್ಲೂಟಾರ್ಕನು ಹೇಳಿದ್ದಾನೆ. ಅಲೆಕ್ಸಾಂಡರನು ಬಾಲಕನಾಗಿದ್ದಾಗ ಒಮ್ಮೆ ಎರಡೂ ಕೈಗಳಿಂದ ಧೂಪವನ್ನು ಬಾಚಿ ಬೆಂಕಿಗೆ ಹಾಕಿದನಂತೆ. ಅವನ ಗುರುವಾದ ಲಿಯೋನಿದಾಸನು, ಧೂಪ ಬೆಳೆಯುವ ನಾಡನ್ನು ಗೆದ್ದ ದಿನ ನೀನು ಹೀಗೆ ಸುರಿಯಬಹುದು, ಅಲ್ಲಿಯವರೆಗೆ ಹಿಡಿತವಿರಲಿ ಎಂದು ಗದರಿಸಿದನು. ಕ್ರಿ. ಪೂ. 332ರಲ್ಲಿ ಅಲೆಕ್ಸಾಂಡರನು ಗಾಜಾವನ್ನು ಮುತ್ತಿದನು. ಕೋಟೆಯ ಅಧಿಪತಿ ಬಾಟಿಸನು ಎರಡು ತಿಂಗಳು ಎದುರಿಸಿ ನಿಂತನು. ಅಲೆಕ್ಸಾಂಡರನ ಭುಜಕ್ಕೆ ಗಾಯವಾಯಿತು. ಕೊನೆಗೆ ಕೋಟೆ ಬಿದ್ದಾಗ ಗಂಡಸರು ಹತರಾದರು. ಹೆಂಗಸರೂ ಮಕ್ಕಳೂ ಗುಲಾಮರಾಗಿ ಮಾರಲ್ಪಟ್ಟರು. ಆಗ ದೊರೆಯು ತನ್ನ ಹಳೆಯ ಗುರುವಿಗೆ 500 ಟ್ಯಾಲೆಂಟ್ ಸಾಂಬ್ರಾಣಿಯನ್ನೂ 100 ಟ್ಯಾಲೆಂಟ್ ರಕ್ತಬೋಳವನ್ನೂ ಕಳುಹಿಸಿ, ಇನ್ನು ಮೇಲೆ ದೇವರ ವಿಷಯದಲ್ಲಿ ಜಿಪುಣತನ ಬೇಡವೆಂದು ತಿಳಿಸಿದನಂತೆ. ಒಂದು ಟ್ಯಾಲೆಂಟ್ ಎಂದರೆ ಸುಮಾರು 26 ಕಿಲೋಗ್ರಾಂ. ಗುರುವಿನ ಒಂದು ಗದರಿಕೆಯು ಶಿಷ್ಯನ ಎದೆಯಲ್ಲಿ ಎಷ್ಟು ಕಾಲ ಉಳಿಯುತ್ತದೆ ಎಂಬುದನ್ನು ನಾವು ಇದರಿಂದ ತಿಳಿಯಬಹುದು. ಆದರೆ ಆ ಕಾಣಿಕೆಯ ಹಿಂದೆ ಒಂದು ಇಡೀ ಪಟ್ಟಣದ ಅಳಲಿತ್ತು ಎಂಬುದನ್ನು ಮಕ್ಕಳಿಗೆ ಹೇಳದೆ ಈ ಕಥೆಯನ್ನು ಮುಗಿಸಲಾಗದು.

ಪಾಠಶಾಲೆಯ ಕಾಲ

ಬಿದ್ದ ಪಟ್ಟಣವು ಮತ್ತೆ ಎದ್ದಿತು. ರೋಮನ್ನರ ಕಾಲದಲ್ಲಿಯೂ ಅವರ ಬಳಿಕ ಬಿಜಾಂಟಿಯನ್ ಅರಸರ ಕಾಲದಲ್ಲಿಯೂ ಗಾಜಾ ಏಳಿಗೆಯನ್ನು ಹೊಂದಿತು. ಅಲ್ಲಿಯ ದ್ರಾಕ್ಷಾಮದ್ಯವು ಉದ್ದನೆಯ ಮಣ್ಣಿನ ಜಾಡಿಗಳಲ್ಲಿ ಫ್ರಾನ್ಸ್, ಬ್ರಿಟನ್‌ಗಳವರೆಗೂ ಹೋಗುತ್ತಿತ್ತೆಂಬುದಕ್ಕೆ ಅಗೆತದಲ್ಲಿ ದೊರೆತ ಜಾಡಿಗಳೇ ಸಾಕ್ಷಿ. 5 ಮತ್ತು 6ನೆಯ ಶತಮಾನಗಳಲ್ಲಿ ಗಾಜಾದ ಅಲಂಕಾರಶಾಸ್ತ್ರದ ಪಾಠಶಾಲೆಯು ಆ ಪ್ರಾಂತ್ಯದಲ್ಲೆಲ್ಲ ಹೆಸರಾಗಿತ್ತು. ಪ್ರೊಕೋಪಿಯಸನು ಅಲ್ಲಿಯ ದೊಡ್ಡ ಉಪಾಧ್ಯಾಯನು. ಅವನು ಊರಿನ ಗಡಿಯಾರವೊಂದನ್ನು ಸೊಗಸಾಗಿ ವರ್ಣಿಸಿದ್ದಾನೆ: ಗಂಟೆಗೊಮ್ಮೆ ಪುಟ್ಟ ಬಾಗಿಲು ತೆರೆದು, ಹರ್ಕ್ಯುಲೀಸನ ಹನ್ನೆರಡು ಸಾಹಸಗಳಲ್ಲಿ ಒಂದನ್ನು ತೋರುವ ಬೊಂಬೆಯು ಹೊರಬರುತ್ತಿತ್ತಂತೆ. ಅವನ ತರುವಾಯ ಪೀಠವನ್ನೇರಿದ ಶಿಷ್ಯ ಕೊರಿಕಿಯಸನು ಗುರುವು ತೀರಿಕೊಂಡಾಗ ಮಾಡಿದ ಚರಮಭಾಷಣವು ಇಂದಿಗೂ ಉಳಿದಿದೆ. ಯುದ್ಧವರ್ಣನೆಗಳಲ್ಲಿ ಮಾತ್ರ ಗಾಜಾದ ಹೆಸರನ್ನು ಕೇಳುವ ನಮ್ಮ ಮಕ್ಕಳಿಗೆ, ಅದು ಒಂದು ಕಾಲದಲ್ಲಿ ಗುರುಶಿಷ್ಯರ ಊರಾಗಿತ್ತೆಂಬುದನ್ನು ತಿಳಿಸುವುದು ನಮ್ಮ ಕರ್ತವ್ಯ.

7ನೆಯ ಶತಮಾನದಲ್ಲಿ ಅರಬರ ಆಳಿಕೆ ಬಂದಿತು. ಪೈಗಂಬರರ ಮುತ್ತಜ್ಜನಾದ ಹಾಶಿಮನು ವ್ಯಾಪಾರಕ್ಕೆಂದು ಬಂದು ಇಲ್ಲಿ ತೀರಿಕೊಂಡನೆಂಬ ನಂಬಿಕೆಯಿಂದ ಅರಬರು ಇದನ್ನು ಹಾಶಿಮನ ಗಾಜಾ ಎಂದು ಕರೆದರು. ಇಸ್ಲಾಂ ಧರ್ಮಶಾಸ್ತ್ರದ ನಾಲ್ಕು ಪ್ರಮುಖ ಪಂಥಗಳಲ್ಲಿ ಒಂದಕ್ಕೆ ಮೂಲಪುರುಷರಾದ ಇಮಾಮ್ ಶಾಫಿಯವರು 767ರಲ್ಲಿ ಹುಟ್ಟಿದುದು ಇಲ್ಲಿಯೇ. ಕೇರಳದ ಮತ್ತು ನಮ್ಮ ಕರಾವಳಿಯ ಮುಸಲ್ಮಾನರಲ್ಲಿ ಬಹುಮಂದಿ ಅನುಸರಿಸುವುದು ಇವರ ಪಂಥವನ್ನೇ. ಆ ಬಳಿಕ ಶಿಲುಬೆಯುದ್ಧದ ಕ್ರೈಸ್ತರು, 1187ರಲ್ಲಿ ಸಲಾಹುದ್ದೀನ್, ಮುಂದೆ ಮಾಮಲೂಕರು, 16ನೆಯ ಶತಮಾನದಿಂದ ತುರ್ಕರು, 1799ರಲ್ಲಿ ಕೆಲವು ಕಾಲ ನೆಪೋಲಿಯನ್, ಹೀಗೆ ಪಟ್ಟಣವು ಕೈಯಿಂದ ಕೈಗೆ ಸಾಗಿತು. 1917ರಲ್ಲಿ ಬ್ರಿಟಿಷರು ಮೂರು ಯುದ್ಧಗಳನ್ನು ಮಾಡಿ ನವೆಂಬರ್ 7ರಂದು ಇದನ್ನು ವಶಪಡಿಸಿಕೊಂಡರು. ಅಂದು ಹಾಳುಬಿದ್ದ ಗಾಜಾವನ್ನು ದಾಟಿ ಮುಂದೆ ಸಾಗಿದ ಅಶ್ವದಳದಲ್ಲಿ ನಮ್ಮ ಮೈಸೂರು ಸಂಸ್ಥಾನದ ಲ್ಯಾನ್ಸರ್ಸ್ ಸವಾರರೂ ಇದ್ದರು.

ಹೆಸರಿನ ಜಿಜ್ಞಾಸೆ

ಇನ್ನು ಬಟ್ಟೆಯ ಮಾತಿಗೆ ಬರೋಣ. 16ನೆಯ ಶತಮಾನದಲ್ಲಿ ಫ್ರೆಂಚ್ ಭಾಷೆಯಲ್ಲಿ ಗಾಜ್ ಎಂಬ ಮಾತು ತೆಳುವಾದ, ಪಾರದರ್ಶಕವಾದ ಬಟ್ಟೆಯ ಹೆಸರಾಗಿ ತೋರಿಕೊಳ್ಳುತ್ತದೆ. ಅಲ್ಲಿಂದ ಅದು ಇಂಗ್ಲಿಷಿಗೆ ಇಳಿಯಿತು. ಇಂಗ್ಲಿಷಿನಿಂದ ನಮ್ಮ ದವಾಖಾನೆಗಳಿಗೆ ಬಂದಿತು. ಈ ಬಟ್ಟೆಯು ಗಾಜಾ ಪಟ್ಟಣದಿಂದ ಬರುತ್ತಿದ್ದುದರಿಂದ ಆ ಹೆಸರಾಯಿತೆಂಬುದು ಬಹುಕಾಲದಿಂದ ನಡೆದುಬಂದ ಅಭಿಪ್ರಾಯ. ಕಚ್ಚಾ ರೇಷ್ಮೆಗೆ ಅರಬ್ಬಿಯಲ್ಲಿರುವ ಕಜ್ಜ್ ಎಂಬ ಮಾತೇ ಇದರ ಮೂಲವೆಂದು ಹೇಳುವ ಭಾಷಾಶಾಸ್ತ್ರಜ್ಞರೂ ಇದ್ದಾರೆ. ಮೊದಮೊದಲು ಯೂರೋಪಿನಲ್ಲಿ ಈ ಬಟ್ಟೆಯು ಬಹುಮಟ್ಟಿಗೆ ರೇಷ್ಮೆಯದೇ ಆಗಿದ್ದುದರಿಂದ ಈ ವಾದವನ್ನು ಸುಲಭವಾಗಿ ತಳ್ಳಿಹಾಕುವಂತಿಲ್ಲ. ಪಟ್ಟಣದ ಹೆಸರೂ ರೇಷ್ಮೆಯ ಹೆಸರೂ ಕಿವಿಗೆ ಹತ್ತಿರವಾಗಿದ್ದು, ವರ್ತಕರ ಬಾಯಲ್ಲಿ ಒಂದರೊಡನೊಂದು ಬೆರೆತಿರುವುದೂ ಸಾಧ್ಯ.

ಗಾಜಾದ ಜನರು ತಮ್ಮ ಭಾಷೆಯಲ್ಲಿ ಈ ಬಟ್ಟೆಯನ್ನು ಗಾಜಾ ಎನ್ನುವುದಿಲ್ಲ, ಶಾಶ್ ಎನ್ನುತ್ತಾರೆ. ಸೊಂಟಕ್ಕೂ ಭುಜಕ್ಕೂ ಧರಿಸುವ ಪಟ್ಟಿಗೆ ಇಂಗ್ಲಿಷಿನಲ್ಲಿರುವ ಸ್ಯಾಶ್ ಎಂಬ ಮಾತು ಇದರಿಂದಲೇ ಹುಟ್ಟಿತು. ಊರಿನ ಹೆಸರು ಬಟ್ಟೆಗೆ ಬೇಕಾಗುವುದು ಊರ ಹೊರಗಿನವರಿಗೆ ತಾನೇ! ಸೊಲ್ಲಾಪುರದ ಮನೆಗಳಲ್ಲಿ ಚಾದರವು ಬರಿಯ ಚಾದರ. ಪರಸ್ಥಳದಲ್ಲಿ ಮಾತ್ರ ಅದು ಸೊಲ್ಲಾಪುರದ ಚಾದರ.

ಗಾಜ್ ನೇಯ್ಗೆಯ ಗುಟ್ಟನ್ನೂ ಇಲ್ಲಿ ಹೇಳಬೇಕು. ಸಾಮಾನ್ಯ ಬಟ್ಟೆಯಲ್ಲಿ ಹೊಕ್ಕಿನ ಎಳೆಯು ಹಾಸಿನ ಒಂದು ಎಳೆಯ ಮೇಲೆ, ಮತ್ತೊಂದರ ಕೆಳಗೆ ಸಾಗುತ್ತದೆ. ಹೀಗೆಯೇ ವಿರಳವಾಗಿ ನೇಯ್ದರೆ ಎಳೆಗಳು ಜಾರಿ ಒಂದೆಡೆ ಸೇರಿ ಬಟ್ಟೆ ಹಾಳಾಗುತ್ತದೆ. ಆದುದರಿಂದ ನಿಜವಾದ ಗಾಜ್ ನೇಯ್ಗೆಯಲ್ಲಿ ಹಾಸಿನ ಎಳೆಗಳನ್ನು ಜೋಡಿಜೋಡಿಯಾಗಿ ಮಾಡಿ, ಒಂದನ್ನು ಮತ್ತೊಂದರ ಮೇಲೆ ಹೊರಳಿಸಿ, ಆ ತಿರುಚಿನ ನಡುವೆ ಹೊಕ್ಕನ್ನು ಸಿಕ್ಕಿಸುತ್ತಾರೆ. ಹೆಣ್ಣುಮಕ್ಕಳು ಜಡೆ ಹೆಣೆಯುವಾಗ ಹೂವಿನ ತೊಟ್ಟನ್ನು ಸಿಕ್ಕಿಸಿದಂತೆ ಇದು. ಕಣ್ಣುಕಣ್ಣಾಗಿದ್ದರೂ ಎಳೆ ಜಾರುವುದಿಲ್ಲ. ಈ ವಿದ್ಯೆಯು ಪ್ರಾಚೀನ ಚೀನಾದಲ್ಲಿಯೂ ಇತ್ತು, ಸಾಗರದಾಚೆಯ ಪೆರು ದೇಶದಲ್ಲಿಯೂ ಇತ್ತು. ಆದುದರಿಂದ ಗಾಜಾದವರೇ ಇದನ್ನು ಮೊದಲು ಕಂಡುಹಿಡಿದರೆಂದು ಹೇಳುವುದು ಸರಿಯಾಗದು. ಇಂದು ಗಾಯಕ್ಕೆ ಬಳಸುವ ಗಾಜ್ ಸಾಮಾನ್ಯವಾಗಿ ಹತ್ತಿಯ ಸಾದಾ ನೇಯ್ಗೆಯದು. ಹಳೆಯ ರೇಷ್ಮೆ ಬಟ್ಟೆಯ ಹೆಸರನ್ನು ಮಾತ್ರ ಅದು ಉಳಿಸಿಕೊಂಡಿದೆ.

ಗಾಯದ ಬಟ್ಟೆಯಾದುದು

ಶ್ರೀಮಂತ ಸ್ತ್ರೀಯರ ಮೇಲುದವಾಗಿದ್ದ ಹೆಸರು ಆಸ್ಪತ್ರೆಗೆ ಬಂದುದು ಮುಖ್ಯವಾಗಿ 19ನೆಯ ಶತಮಾನದಲ್ಲಿ. 1865ರಲ್ಲಿ ಗ್ಲಾಸ್ಗೋ ಪಟ್ಟಣದ ವೈದ್ಯನಾದ ಜೋಸೆಫ್ ಲಿಸ್ಟರನು, ಬಂಡಿಯ ಗಾಲಿ ಹರಿದು ಕಾಲು ಮುರಿದಿದ್ದ 11 ವರ್ಷದ ಹುಡುಗನ ಗಾಯಕ್ಕೆ ಕಾರ್ಬಾಲಿಕ್ ಆಮ್ಲದಲ್ಲಿ ಅದ್ದಿದ ಬಟ್ಟೆಯನ್ನು ಕಟ್ಟಿದನು. ಅಂತಹ ಗಾಯವು ಕೊಳೆತು ಕಾಲನ್ನೇ ಕತ್ತರಿಸಬೇಕಾಗುತ್ತಿದ್ದ ಆ ಕಾಲದಲ್ಲಿ ಹುಡುಗನು ಕಾಲು ಉಳಿಸಿಕೊಂಡು ಮನೆಗೆ ನಡೆದನು. ಮುಂದೆ ಲಿಸ್ಟರನು ಇದೇ ಔಷಧವನ್ನು ಹೀರಿಸಿದ ಗಾಜ್ ಬಟ್ಟೆಯನ್ನು ಎಂಟು ಪದರ ಮಾಡಿ ಗಾಯಗಳಿಗೆ ಬಳಸತೊಡಗಿದನು. ಹತ್ತಿಯಲ್ಲಿ ಸಹಜವಾಗಿರುವ ಮೇಣದಂತಹ ಜಿಡ್ಡನ್ನು ಕ್ಷಾರದಲ್ಲಿ ಕುದಿಸಿ ತೆಗೆದರೆ ಅದು ನೀರನ್ನೂ ನೆತ್ತರನ್ನೂ ಚೆನ್ನಾಗಿ ಹೀರುತ್ತದೆ. ಇಂತಹ ಹತ್ತಿಯನ್ನು ಎರಡು ಗಾಜ್ ಪದರಗಳ ನಡುವೆ ಇರಿಸುವ ಪದ್ಧತಿಯನ್ನು 1880ರಲ್ಲಿ ಬರ್ಮಿಂಗ್‌ಹ್ಯಾಮಿನ ವೈದ್ಯ ಗ್ಯಾಮ್ಜೀ ತಂದನು. ಮಕ್ಕಳು ಇದನ್ನು ತರಗತಿಯಲ್ಲಿಯೇ ಪರೀಕ್ಷಿಸಬಹುದು. ಹೊಲದಿಂದ ತಂದ ಹತ್ತಿಯನ್ನೂ ಔಷಧದಂಗಡಿಯ ಹತ್ತಿಯನ್ನೂ ನೀರಿನ ಬಟ್ಟಲಿನಲ್ಲಿ ಬಿಡಿರಿ. ಮೊದಲನೆಯದು ತೇಲುತ್ತದೆ, ಎರಡನೆಯದು ನೀರು ಕುಡಿದು ಮುಳುಗುತ್ತದೆ.

ಮಜ್ದಲಿನ ಮಗ್ಗಗಳು

ಬಂದರಿಗೆ ಹೆಸರು, ನೇಕಾರನಿಗೆ ಮರವೆ ಎಂದು ಮೊದಲೇ ಹೇಳಿದೆವು. ಆದುದರಿಂದ ಗಾಜಾ ಸೀಮೆಯ ನೇಕಾರರನ್ನು ಇಲ್ಲಿ ನೆನೆಯದಿದ್ದರೆ ಲೇಖನವು ಅಪೂರ್ಣವಾದೀತು. ಗಾಜಾದ ಬಡಗಣಕ್ಕೆ, ಅಷ್ಕೆಲೋನಿನ ಹಳೆಯ ಹಾಳುಕೋಟೆಯ ಬಳಿ ಮಜ್ದಲ್ ಎಂಬ ನೇಕಾರರ ಊರಿತ್ತು. 1909ರ ವೇಳೆಗೆ ಅಲ್ಲಿ ಸುಮಾರು 500 ಮಗ್ಗಗಳಿದ್ದವು. ಯೂರೋಪಿನ ಅಗ್ಗದ ಬಟ್ಟೆ ಬಂದು ನಮ್ಮ ನೇಕಾರರಿಗೆ ಆದುದೇ ಅವರಿಗೂ ಆಯಿತು. 1927ರಲ್ಲಿ ಉಳಿದ ನೇಯ್ಗೆಮನೆಗಳು 119 ಮಾತ್ರ. ಆದರೂ ತೆಂಕಣ ಪ್ಯಾಲೆಸ್ತೀನಿನ ಹೆಣ್ಣುಮಕ್ಕಳ ಹಬ್ಬದ ಉಡುಪಿಗೆ ಮಜ್ದಲಿನ ಬಟ್ಟೆಯೇ ಆಗಬೇಕಿತ್ತು. ಆ ಬಟ್ಟೆಗಳಿಗೆ ಅವರು ಇಟ್ಟ ಹೆಸರುಗಳನ್ನು ಕೇಳಿರಿ: ಹಸುರೂ ಕೆಂಪೂ ಪಟ್ಟಿಗಳಿದ್ದ ಒಂದಕ್ಕೆ ಸ್ವರ್ಗ ಮತ್ತು ಬೆಂಕಿ ಎಂದು ಹೆಸರು, ಇನ್ನೊಂದಕ್ಕೆ ಪ್ರಾಣದ ಉಸಿರು ಎಂದು ಹೆಸರು. ಇವು ಪರದೇಶದ ವರ್ತಕರು ಅಂಟಿಸಿದ ಹೆಸರುಗಳಲ್ಲ. ನೇಯ್ದವರೂ ಉಟ್ಟವರೂ ಕೂಡಿ ಇಟ್ಟವು.

1948ರ ಯುದ್ಧದಲ್ಲಿ ಮಜ್ದಲಿನ ಬಹುಮಂದಿ ಗಾಜಾಕ್ಕೆ ಓಡಿಬಂದರು. ಉಳಿದಿದ್ದ ಸುಮಾರು ಎರಡೂವರೆ ಸಾವಿರ ಜನರಲ್ಲಿ ಬಹುಪಾಲನ್ನು 1950ರಲ್ಲಿ ಹೊಸ ಗಡಿಯನ್ನು ದಾಟಿಸಿ ಗಾಜಾಕ್ಕೆ ಕಳುಹಿಸಲಾಯಿತು. ಮಜ್ದಲ್ ಇಸ್ರೇಲಿನ ಅಷ್ಕೆಲೋನ್ ನಗರದಲ್ಲಿ ಕರಗಿತು. ನೇಕಾರರು ನಿರಾಶ್ರಿತರ ಬೀಡುಗಳಲ್ಲಿ ಮತ್ತೆ ಮಗ್ಗ ಹೂಡಿದರು. ತಾವು ಬಿಟ್ಟುಬಂದ ಊರಿನ ಹೆಸರಿನಿಂದಲೇ ತಮ್ಮ ಬಟ್ಟೆಯನ್ನು ಮಜ್ದಲಾವಿ ಎಂದು ಕರೆದರು. ಹೀಗೆ, ಬಟ್ಟೆಗೆ ಹೆಸರು ಕೊಟ್ಟ ಪಟ್ಟಣದೊಳಗೆ ಇನ್ನೊಂದು ಊರು ಬಟ್ಟೆಯ ಹೆಸರಾಗಿ ಮಾತ್ರ ಬದುಕಿತು. ಗಡಿಗಳು ಸರಿದಾಗ ಊರು ಒಂದು ಕಡೆ, ಮಾತು ಒಂದು ಕಡೆ ಆಗುವುದನ್ನು ಬಲ್ಲ ಗಡಿನಾಡಿನ ಕನ್ನಡಿಗರಿಗೆ ಈ ಹೆಸರಿನ ಬೆಲೆಯನ್ನು ವಿವರಿಸಿ ಹೇಳಬೇಕಾಗಿಲ್ಲ. ನಮ್ಮ ಗಡಿಗಳು ಸರಿದಾಗ ನಾವು ಮನೆ ಬಿಡಬೇಕಾಗಲಿಲ್ಲ ಎಂಬುದನ್ನೂ ನಾವು ಮರೆಯಬಾರದು.

2023ರ ಅಕ್ಟೋಬರಿನಲ್ಲಿ ಆರಂಭವಾದ ಯುದ್ಧದಲ್ಲಿ ಹಳೆಯ ಗಾಜಾದ ಬಹುಭಾಗವು ಹಾಳಾಯಿತು. ಆ ತಿಂಗಳಲ್ಲಿಯೇ ಸಂತ ಪೋರ್ಫೀರಿಯಸನ ಇಗರ್ಜಿಯ ಆವರಣಕ್ಕೆ ಬಾಂಬು ಬಿದ್ದು ಅಲ್ಲಿ ಆಶ್ರಯ ಪಡೆದಿದ್ದವರು ಸತ್ತರು. ಡಿಸೆಂಬರಿನಲ್ಲಿ, ಶಿಲುಬೆಯುದ್ಧದ ಕಾಲದ ಇಗರ್ಜಿಯೇ ಮಸೀದಿಯಾಗಿ ಉಳಿದುಬಂದಿದ್ದ ದೊಡ್ಡ ಒಮರಿ ಮಸೀದಿಯು ನೆಲಕ್ಕುರುಳಿತು. ಹತ್ತಾರು ಸಾವಿರ ಜನರು ಮಡಿದರು. ಅವರಲ್ಲಿ ಸಾವಿರಾರು ಮಕ್ಕಳು, ನಮ್ಮ ತರಗತಿಗಳಲ್ಲಿ ಕುಳಿತ ಮಕ್ಕಳ ವಯಸ್ಸಿನವರು. ಅಲ್ಲಿಯ ಆಸ್ಪತ್ರೆಗಳಲ್ಲಿ ಗಾಯಕ್ಕೆ ಕಟ್ಟಲು ಗಾಜ್ ಬಟ್ಟೆಯೂ ಸಾಲದೆ ವೈದ್ಯರು ಪರದಾಡಿದ ಸುದ್ದಿಯನ್ನು ನಾವು ಓದಿದೆವು. ಯಾವ ಊರಿನ ಹೆಸರನ್ನು ಹೊತ್ತು ಆ ಬಟ್ಟೆಯು ಲೋಕದ ಗಾಯಗಳನ್ನೆಲ್ಲ ಕಟ್ಟುತ್ತಿದೆಯೋ ಆ ಊರಿನ ಗಾಯಕ್ಕೇ ಅದು ಸಿಕ್ಕಲಿಲ್ಲ.

ನಮ್ಮ ವಿದ್ಯಾರ್ಥಿಯ ಪ್ರಶ್ನೆಗೆ ನಾವು ಕೊಟ್ಟ ಉತ್ತರವು ಇಷ್ಟು. ಮರುದಿನ ಭೂಪಟವನ್ನು ಗೋಡೆಗೆ ತೂಗುಹಾಕಿ, ಔಷಧದ ಪೆಟ್ಟಿಗೆಯಿಂದ ಗಾಜ್ ತುಂಡೊಂದನ್ನು ತೆಗೆದು ಮಕ್ಕಳ ಕೈಗೆ ಕೊಟ್ಟೆವು. ಅವರು ಅದನ್ನು ಬೆಳಕಿಗೆ ಹಿಡಿದು ಎಳೆಗಳನ್ನು ಎಣಿಸಿದರು. ಭೂಪಟದಲ್ಲಿ ಗಾಜಾವನ್ನು ಹುಡುಕಲು ಅವರಿಗೆ ಬಹಳ ಹೊತ್ತು ಹಿಡಿಯಿತು, ಅಷ್ಟು ಚಿಕ್ಕದು ಅದು. ಮೊಣಕಾಲಿಗೆ ಪಟ್ಟಿ ಕಟ್ಟಿಸಿಕೊಂಡಿದ್ದ ಹುಡುಗನೇ ಮೊದಲು ಅದರ ಮೇಲೆ ಬೆರಳಿಟ್ಟನು.